“1920ರಲ್ಲಿ ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿತು”: ಈ ಒಂದು ಸಾಲು ಎಷ್ಟು ನಿಜ?

ಇತಿಹಾಸದ ಮೇಡಂ

ಪದವಿ ವಿದ್ಯಾರ್ಥಿಗಳಿಗೆ ಅಮೆರಿಕದ ಮಹಿಳಾ ಹೋರಾಟದ ಬಗ್ಗೆ ಒಂದು ಪಾಠ ಮಾಡಬೇಕಾಗಿದೆ. ಮಕ್ಕಳ ಕೈಯಲ್ಲಿರುವ ಗೈಡುಗಳಲ್ಲಿ ಇರುವುದು ಇಷ್ಟೇ: 1848ರಲ್ಲಿ ಸೆನೆಕಾ ಫಾಲ್ಸ್ ಊರಿನ ಮಹಿಳಾ ಹಕ್ಕುಗಳ ಸಮಾವೇಶ, 1920ರಲ್ಲಿ ಸಂವಿಧಾನದ 19ನೇ ತಿದ್ದುಪಡಿ, ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿತು. ಎರಡು ಅಂಕದ ಪ್ರಶ್ನೆಗೆ ಇದು ಸಾಕು. ಆದರೆ ಆ ಎರಡು ಇಸವಿಗಳ ನಡುವೆ 72 ವರ್ಷಗಳಿವೆ. ಸೆನೆಕಾ ಫಾಲ್ಸ್‌ನ ಘೋಷಣೆಗೆ ಸಹಿ ಹಾಕಿದವರು 68 ಹೆಂಗಸರು, 32 ಗಂಡಸರು. ಅವರಲ್ಲಿ ತಿದ್ದುಪಡಿ ಬರುವ ತನಕ ಬದುಕಿದ್ದವರು ಷಾರ್ಲಟ್ ವುಡ್‌ವರ್ಡ್ ಒಬ್ಬರೇ. ಕಾಯಿಲೆಯಿಂದಾಗಿ ಆಕೆಯೂ ಮತ ಹಾಕಲು ಹೋಗಲಿಲ್ಲ.

ನನ್ನ ಪ್ರಶ್ನೆ ಇದು. ಆ ಹಕ್ಕು ಯಾರಿಂದ ಬಂತು, ಯಾರ ಯಾರ ಕೈ ಸೇರಿತು, ಸೇರದೆ ಉಳಿದವರು ಯಾರು? ಮಕ್ಕಳು ಆಕಳಿಸದೆ ಕೇಳುವಂತಹ ಪ್ರಸಂಗಗಳಿದ್ದರೆ ತಿಳಿಸಿ. ಸಾರಾಂಶ ಬೇಡ, ಅದು ನನ್ನ ಬಳಿಯೇ ಬೇಕಾದಷ್ಟಿದೆ.

ತುಂಗಾತೀರ

ಮೇಡಂ, ಪಾಠವನ್ನು ಒಂದು ಕ್ಷೌರದಂಗಡಿಯಿಂದ ಶುರು ಮಾಡಿ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಪಟ್ಟಣ, 1872ರ ನವೆಂಬರ್ ಮೊದಲ ದಿನ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸ ಆ ಅಂಗಡಿಯಲ್ಲಿ ನಡೆಯುತ್ತಿತ್ತು. ಮಹಿಳಾ ಮತದಾನದ ಹೋರಾಟಗಾರ್ತಿ, 52 ವರ್ಷದ ಸೂಸನ್ ಬಿ. ಆಂಟನಿ ತನ್ನ ಅಕ್ಕತಂಗಿಯರೊಡನೆ ಒಳಗೆ ಹೋಗಿ ‘ನಮ್ಮ ಹೆಸರು ಬರೆದುಕೊಳ್ಳಿ’ ಎಂದರು. ಅಧಿಕಾರಿಗಳು ಆಗುವುದಿಲ್ಲ ಎಂದಾಗ, ಪೌರರೆಲ್ಲರ ಹಕ್ಕುಗಳನ್ನು ಕಾಯುವ ಸಂವಿಧಾನದ 14ನೇ ತಿದ್ದುಪಡಿಯನ್ನು ಓದಿ ಹೇಳಿದರು. ಬರೆಯದಿದ್ದರೆ ನಿಮ್ಮ ಮೇಲೇ ದಾವೆ ಹೂಡುತ್ತೇನೆ ಎಂದೂ ಸೇರಿಸಿದರು. ಆ ಯುವ ಅಧಿಕಾರಿಗಳು ಹೆದರಿ ಬರೆದುಕೊಂಡರು. ನವೆಂಬರ್ 5ರಂದು ಆಂಟನಿ ಮತ ಹಾಕಿದರು, ಅದೇ ವಾರ್ಡಿನ ಇನ್ನೂ 14 ಹೆಂಗಸರು ಹಾಕಿದರು.

ಎರಡು ವಾರದ ನಂತರ ಒಬ್ಬ ಅಧಿಕಾರಿ ಮನೆಗೆ ಬಂದ. ಸಭ್ಯಸ್ಥ. ತಾವು ಬಿಡುವಾದಾಗ ಕಚೇರಿಗೆ ಬನ್ನಿ ಎಂಬ ಧಾಟಿಯಲ್ಲಿ ಮಾತನಾಡಿದ. ಗಂಡಸರನ್ನೂ ಹೀಗೆಯೇ ಬಂಧಿಸುತ್ತೀರಾ ಎಂದು ಆಕೆ ಕೇಳಿದರು. ಇಬ್ಬರೂ ಕುದುರೆ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಕಂಡಕ್ಟರ್ ಟಿಕೆಟಿನ ಹಣ ಕೇಳಿದ. ನಾನು ಸರ್ಕಾರದ ಖರ್ಚಿನಲ್ಲಿ ಹೋಗುತ್ತಿದ್ದೇನೆ, ಈ ಮಹನೀಯರನ್ನು ಕೇಳಿ ಎಂದು ಪಕ್ಕದವನ ಕಡೆ ಕೈ ತೋರಿಸಿದರು.

ವಿಚಾರಣೆಗೆ ಮೊದಲು ಆ ಜಿಲ್ಲೆಯ 29 ಊರುಗಳಲ್ಲಿ ಭಾಷಣ ಮಾಡಿದರು. ಜ್ಯೂರಿಯ ಮಂದಿ ಆ ಊರುಗಳಿಂದಲೇ ಬರಬೇಕಲ್ಲವೇ! ಸರ್ಕಾರಿ ವಕೀಲರಿಗೆ ಗಾಬರಿಯಾಗಿ ಮೊಕದ್ದಮೆಯನ್ನು ಪಕ್ಕದ ಜಿಲ್ಲೆಯ ಕೆನನ್‌ಡೇಗ್ವಾಕ್ಕೆ ಸಾಗಿಸಿದರು. ಆಂಟನಿ ಅಲ್ಲಿಯೂ ಊರೂರು ಸುತ್ತಿದರು.

1873ರ ಜೂನ್ 17ರಂದು ವಿಚಾರಣೆ. ನ್ಯಾಯಾಧೀಶ ವಾರ್ಡ್ ಹಂಟ್. ಆಕೆ ತನ್ನ ಪರವಾಗಿ ತಾನೇ ಸಾಕ್ಷಿ ಹೇಳಲು ಅವಕಾಶ ಕೊಡಲಿಲ್ಲ. ವಾದ ಮುಗಿದ ಕೂಡಲೇ ಮೊದಲೇ ಬರೆದು ತಂದಿದ್ದ ಕಾಗದವನ್ನು ತೆಗೆದು ಓದಿದರು. ಜ್ಯೂರಿ ಆಲೋಚಿಸುವುದಕ್ಕೆ ಏನೂ ಇಲ್ಲ, ಅಪರಾಧಿ ಎಂದೇ ತೀರ್ಮಾನಿಸಬೇಕು ಎಂದು ಅಪ್ಪಣೆ ಕೊಟ್ಟರು. ಹನ್ನೆರಡು ಮಂದಿ ಬಾಯಿ ಬಿಡುವ ಪ್ರಸಂಗವೇ ಬರಲಿಲ್ಲ. ಮರುದಿನ ಶಿಕ್ಷೆ ವಿಧಿಸುವ ಮುನ್ನ, ಪದ್ಧತಿಯಂತೆ, ಏನಾದರೂ ಹೇಳುವುದಿದೆಯೇ ಎಂದು ಕೇಳಿಬಿಟ್ಟರು. ಅಲ್ಲಿ ಕೆಟ್ಟಿತು. ಕುಳಿತುಕೊಳ್ಳಿ ಎಂದು ನ್ಯಾಯಾಧೀಶರು ಮತ್ತೆ ಮತ್ತೆ ಹೇಳುತ್ತಾರೆ, ಆಕೆ ನಿಂತುಕೊಂಡೇ ಮಾತು ಮುಂದುವರಿಸುತ್ತಾರೆ. ಕೊನೆಗೆ 100 ಡಾಲರ್ ದಂಡ. ಒಂದು ಡಾಲರನ್ನೂ ಕಟ್ಟುವುದಿಲ್ಲ ಎಂದರು, ಸಾಯುವ ತನಕ ಕಟ್ಟಲಿಲ್ಲ.

ಆಕೆಯ ಹೆಸರನ್ನು ಬರೆದುಕೊಂಡು ಮತ ಸ್ವೀಕರಿಸಿದ ಆ ಯುವ ಅಧಿಕಾರಿಗಳು ತಲಾ 25 ಡಾಲರ್ ದಂಡ ಕಟ್ಟದೆ ಜೈಲಿಗೆ ಹೋದರು. ಅಧ್ಯಕ್ಷ ಗ್ರಾಂಟ್ ಅವರಿಗೆ ಕ್ಷಮಾದಾನ ಕೊಟ್ಟರು. ಜೈಲಿನಲ್ಲಿದ್ದಾಗ ಊರಿನ ಹೆಂಗಸರು ಅವರಿಗೆ ಊಟ ಕಳುಹಿಸುತ್ತಿದ್ದರು ಎಂಬುದನ್ನು ತರಗತಿಯಲ್ಲಿ ಮರೆಯಬೇಡಿ.

ಕರಿಕೋಟು

ತುಂಗಾತೀರ ಸರ್, ಒಂದು ಮುಖ್ಯ ಕೊಂಡಿಯನ್ನು ಬಿಟ್ಟಿದ್ದೀರಿ. ದಂಡ ಕಟ್ಟುವ ತನಕ ಜೈಲಿನಲ್ಲಿಡಿ ಎಂದು ಹಂಟ್ ಆದೇಶಿಸಲಿಲ್ಲ. ಅದು ದಾಕ್ಷಿಣ್ಯವಲ್ಲ. ಜೈಲಿಗೆ ಹಾಕಿದ್ದರೆ ಬಂಧನವನ್ನು ಪ್ರಶ್ನಿಸಿ ಆಕೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತಿದ್ದರು. ಆ ಬಾಗಿಲನ್ನು ಹಂಟ್ ಸದ್ದಿಲ್ಲದೆ ಮುಚ್ಚಿದರು.

ಬೇರೆ ಬಾಗಿಲನ್ನು ತಟ್ಟಿದವರು ಮಿಸೌರಿಯ ವರ್ಜೀನಿಯಾ ಮೈನರ್. ಹೆಸರು ಸೇರಿಸಿಕೊಳ್ಳದ ಅಧಿಕಾರಿಯ ಮೇಲೆ ದಾವೆ ಹೂಡಬೇಕೆಂದರೆ ಆಕೆಗೆ ಆ ಹಕ್ಕೂ ಇರಲಿಲ್ಲ. ಮದುವೆಯಾದ ಹೆಂಗಸು ಸ್ವತಂತ್ರವಾಗಿ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಗಂಡ ವಕೀಲರಾಗಿದ್ದರು, ಅವರು ಜೊತೆಗೆ ಸಹಿ ಹಾಕಿದ ಮೇಲೆ ಮೊಕದ್ದಮೆ ನಡೆಯಿತು. 1875ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು: ಹೆಂಗಸರು ಪೌರರು ಹೌದು, ಆದರೆ ಪೌರರಾದ ಮಾತ್ರಕ್ಕೆ ಮತ ಹಾಕುವ ಹಕ್ಕು ಬರುವುದಿಲ್ಲ. ಸಂವಿಧಾನಕ್ಕೆ ಹೊಸ ತಿದ್ದುಪಡಿಯೇ ಬೇಕು ಎಂದಾದದ್ದು ಈ ತೀರ್ಪಿನ ನಂತರ. ನ್ಯಾಯಾಲಯದ ದಾರಿ ಮುಚ್ಚಿದ್ದರಿಂದ 45 ವರ್ಷ ಹಿಡಿಯಿತು.

ಎಡಿಸನ್ ಕನ್ನಡತಿ

ನಾನಿರುವ ನ್ಯೂಜೆರ್ಸಿಯ ಕಥೆ ಇನ್ನೂ ವಿಚಿತ್ರ. ಇಲ್ಲಿ ಹೆಂಗಸರು ಮತ ಹಾಕಲು ಶುರು ಮಾಡಿದ್ದು ಹದಿನೆಂಟನೆಯ ಶತಮಾನದಲ್ಲೇ. 1776ರ ರಾಜ್ಯ ಸಂವಿಧಾನದಲ್ಲಿ 50 ಪೌಂಡ್ ಆಸ್ತಿಯುಳ್ಳ ‘ಎಲ್ಲ ನಿವಾಸಿಗಳು’ ಎಂದಿತ್ತು, ಗಂಡಸರು ಎಂದಿರಲಿಲ್ಲ. 1797ರ ಚುನಾವಣಾ ಕಾನೂನಿನಲ್ಲಿ ‘ಅವನು ಅಥವಾ ಅವಳು’ ಎಂದೇ ಬರೆದರು. ಆದರೆ ಕರಿಕೋಟು ಅವರು ಹೇಳಿದ ಗಂಟು ಇಲ್ಲಿಯೂ ಇದೆ. ಮದುವೆಯಾದವಳ ಆಸ್ತಿ ಗಂಡನದು, ಆದ್ದರಿಂದ 50 ಪೌಂಡ್ ತೋರಿಸಬಲ್ಲವರು ವಿಧವೆಯರು, ಮದುವೆಯಾಗದವರು. 1807ರಲ್ಲಿ ಶಾಸನಸಭೆ ಆ ಹಕ್ಕನ್ನು ಕಿತ್ತುಕೊಂಡಿತು. ಮತವನ್ನು ಬಿಳಿಯ ಗಂಡಸರಿಗೆ ಮಾತ್ರ ಉಳಿಸಿ, ಹೆಂಗಸರನ್ನೂ ಕಪ್ಪು ಜನರನ್ನೂ ಒಟ್ಟಿಗೆ ಹೊರಗೆ ಹಾಕಿತು. ಹಕ್ಕುಗಳು ಮುಂದಕ್ಕೆ ಮಾತ್ರ ಹೋಗುತ್ತವೆ ಎಂದು ನಂಬಿದ ಮಕ್ಕಳಿದ್ದರೆ ಇದನ್ನು ಹೇಳಿ.

ನೇರ ಮಾತು

ಎಲ್ಲ ಸರಿ. ಆದರೆ ಬೀದಿ ಹೋರಾಟವನ್ನು ನೀವು ವೈಭವೀಕರಿಸುವುದು ಯಾಕೆ? ವಯೋಮಿಂಗ್ 1869ರಲ್ಲೇ ಯಾರೂ ಬೀದಿಗಿಳಿಯದೆ ಮತ ಕೊಟ್ಟಿತು. ಹೆಂಗಸರು ಕಡಿಮೆ ಇದ್ದ ಕಾಡು ಸೀಮೆ, ಜನ ಬಂದು ನೆಲೆಸಲಿ ಎಂಬ ಆಸೆ. ಕೊಲೊರಾಡೊ, ಐಡಾಹೊ, ಕ್ಯಾಲಿಫೋರ್ನಿಯಾ, 1917ರಲ್ಲಿ ನ್ಯೂಯಾರ್ಕ್, ಒಂದೊಂದೇ ರಾಜ್ಯ ಕೊಟ್ಟಿತು. ಈ ನಡುವೆ ಮೊದಲ ಮಹಾಯುದ್ಧ ಬಂತು, ಹೆಂಗಸರು ಕಾರ್ಖಾನೆಗಳಲ್ಲಿ ದುಡಿದರು, ಅಧ್ಯಕ್ಷ ವಿಲ್ಸನ್ ಮನಸ್ಸು ಬದಲಾಯಿತು. ಶ್ವೇತಭವನದ ಮುಂದೆ ಫಲಕ ಹಿಡಿದು ನಿಂತವರು ಕೆಲಸ ಕೆಡಿಸಿದರು ಎಂದು ಅಂದಿನ ದೊಡ್ಡ ಸಂಘಟನೆಯ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಅವರದೇ ಅಭಿಪ್ರಾಯವಾಗಿತ್ತು.

ಎಡಿಸನ್ ಕನ್ನಡತಿ

ನೇರ ಮಾತು ಅವರೇ, ಕೆಲಸ ಕೆಡಿಸಿದವರ ಮೇಲೆ ಏನೇನು ನಡೆಯಿತು ಎಂಬುದನ್ನೂ ನೋಡೋಣ.

1917ರ ಜನವರಿ 10ರಿಂದ ಆಲಿಸ್ ಪಾಲ್ ಅವರ ಪಕ್ಷದ ಹೆಂಗಸರು ಶ್ವೇತಭವನದ ಗೇಟಿನ ಮುಂದೆ ಬಾಯಿ ಮುಚ್ಚಿಕೊಂಡು ನಿಂತರು. ಘೋಷಣೆ ಇಲ್ಲ, ಕೂಗಾಟ ಇಲ್ಲ. ಬಟ್ಟೆಯ ಫಲಕ ಮಾತ್ರ: ಅಧ್ಯಕ್ಷರೇ, ಸ್ವಾತಂತ್ರ್ಯಕ್ಕಾಗಿ ಹೆಂಗಸರು ಇನ್ನೆಷ್ಟು ಕಾಲ ಕಾಯಬೇಕು? ಮೊದಮೊದಲು ವಿಲ್ಸನ್ ಟೋಪಿ ಎತ್ತಿ ವಂದಿಸಿ ಹೋಗುತ್ತಿದ್ದರು. ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಜಗತ್ತಿನಲ್ಲಿ ಪ್ರಜಾಪ್ರಭುತ್ವ ಉಳಿಸಲು ಯುದ್ಧ ಎಂದು ಅಧ್ಯಕ್ಷರು ಹೇಳಿದ ಮಾತನ್ನೇ ಇವರು ಫಲಕದ ಮೇಲೆ ಬರೆದು ಹಿಡಿದರು. ಜನ ಫಲಕಗಳನ್ನು ಹರಿದರು, ಪೊಲೀಸರು ಹರಿದವರನ್ನು ಬಿಟ್ಟು ಹಿಡಿದವರನ್ನು ಬಂಧಿಸಿದರು. ಹೊರಿಸಿದ ಅಪರಾಧ: ಸಂಚಾರಕ್ಕೆ ಅಡ್ಡಿ. ಕಾಲುದಾರಿಯ ಮೇಲೆ ಗೋಡೆಗೆ ಒರಗಿ ನಿಂತವರು ಯಾವ ಸಂಚಾರಕ್ಕೆ ಅಡ್ಡಿಯಾದರೋ ತಿಳಿಯದು.

ನವೆಂಬರ್ 14ರ ರಾತ್ರಿ ವರ್ಜೀನಿಯಾದ ಆಕ್ವಕಾನ್ ಕಾರಾಗೃಹದಲ್ಲಿ ಕಾವಲುಗಾರರು ಇವರ ಮೇಲೆ ಬಿದ್ದರು. ಲೂಸಿ ಬರ್ನ್ಸ್ ಅವರ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿ ಕಂಬಿಗೆ ಬೇಡಿ ಹಾಕಿ ನಿಲ್ಲಿಸಿದರು. ಎದುರಿನ ಕೋಣೆಯ ಒಬ್ಬಾಕೆ ಅದನ್ನು ಕಂಡು ತಾನೂ ಹಾಗೆಯೇ ಕೈ ಎತ್ತಿ ನಿಂತರು. ಡೋರಾ ಲೂಯಿಸ್ ಅವರನ್ನು ಕತ್ತಲೆ ಕೋಣೆಗೆ ಎಸೆದಾಗ ತಲೆ ಕಬ್ಬಿಣದ ಮಂಚಕ್ಕೆ ಬಡಿದು ಜ್ಞಾನ ತಪ್ಪಿತು. ಸತ್ತೇಹೋದರು ಎಂದುಕೊಂಡ ಜೊತೆಯಾಕೆಗೆ ಹೃದಯಾಘಾತವಾಯಿತು. ಅದೇ ಹೊತ್ತಿಗೆ ವಾಷಿಂಗ್ಟನ್ನಿನ ಜೈಲಿನಲ್ಲಿ ಉಪವಾಸ ಕುಳಿತ ಆಲಿಸ್ ಪಾಲ್ ಅವರಿಗೆ ಗಂಟಲಿಗೆ ಕೊಳವೆ ಇಳಿಸಿ ಆಹಾರ ತುಂಬುತ್ತಿದ್ದರು. ಹುಚ್ಚಿಯೆಂದು ಸಾಬೀತುಪಡಿಸಲು ಮನೋರೋಗಿಗಳ ವಾರ್ಡಿನಲ್ಲಿಟ್ಟಿದ್ದರು. 1918ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಬಂಧನಗಳೇ ಕಾನೂನುಬಾಹಿರ ಎಂದಿತು. ಈಗ ಆ ಹಳೆಯ ಜೈಲಿನ ಜಾಗದಲ್ಲಿ ಲೂಸಿ ಬರ್ನ್ಸ್ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ವಿಲ್ಸನ್ ಮನಸ್ಸು ಬದಲಾಯಿತು ಎಂದಿರಿ. ತಾನಾಗಿ ಬದಲಾಗಲಿಲ್ಲ ಎಂಬುದಷ್ಟೇ ನನ್ನ ಮಾತು.

ನೇರ ಮಾತು

ಜೈಲಿನಲ್ಲಿ ನಡೆದದ್ದು ಅನ್ಯಾಯ, ಒಪ್ಪುತ್ತೇನೆ. ಆದರೆ ಅನ್ಯಾಯ ಅನುಭವಿಸಿದ್ದರಿಂದಲೇ ಕಾನೂನು ಬಂತು ಎಂದು ಹೇಗೆ ಹೇಳುತ್ತೀರಿ? 20 ಲಕ್ಷದಷ್ಟು ಸದಸ್ಯರನ್ನು ಕಟ್ಟಿ, ಒಂದೊಂದು ರಾಜ್ಯದ ಶಾಸಕರನ್ನು ಎಣಿಸಿ ಎಣಿಸಿ ಒಲಿಸಿಕೊಂಡವರು ಕ್ಯಾಟ್ ಅವರ ಕಡೆಯವರು. ಫೋಟೋ ಚೆನ್ನಾಗಿ ಬರುವುದು ಜೈಲಿಗೆ ಹೋದವರದು, ಪಟ್ಟಿ ಹಿಡಿದು ಮನೆ ಮನೆ ತಿರುಗಿದವರದಲ್ಲ.

ಇತಿಹಾಸದ ಮೇಡಂ

ಈ ಜಗಳವೇ ಒಂದು ಪಾಠಕ್ಕೆ ಸಾಕಾಗುತ್ತದೆ, ಇಬ್ಬರಿಗೂ ಧನ್ಯವಾದ. ಪಟ್ಟಿ ಹಿಡಿದು ತಿರುಗಿದವರು ಎಂದಾಗ ಟೆನೆಸಿ ನೆನಪಾಯಿತು. ಅಲ್ಲಿ ಹೆಂಗಸರೇ ಮತದಾನದ ಹಕ್ಕನ್ನು ವಿರೋಧಿಸಿ ಬಂದಿದ್ದರಂತಲ್ಲ? ಮಕ್ಕಳು ಖಂಡಿತ ಯಾಕೆ ಎಂದು ಕೇಳುತ್ತಾರೆ.

ತುಂಗಾತೀರ

ಬಂದಿದ್ದರು, ಚೆನ್ನಾಗಿ ಸಂಘಟಿತರಾಗಿಯೇ ಬಂದಿದ್ದರು. 1911ರಲ್ಲೇ ಅವರದೊಂದು ರಾಷ್ಟ್ರೀಯ ಸಂಘವಿತ್ತು, ಜೋಸೆಫೀನ್ ಡಾಡ್ಜ್ ಅದರ ಅಧ್ಯಕ್ಷೆ. ಮನೆಯೇ ಹೆಣ್ಣಿನ ಅಧಿಕಾರದ ಜಾಗ, ರಾಜಕೀಯದ ಕೆಸರಿಗಿಳಿದರೆ ಇರುವ ಮರ್ಯಾದೆಯೂ ಹೋಗುತ್ತದೆ ಎಂಬ ವಾದ. ಅವರಲ್ಲಿ ಬಹುಮಂದಿ ಅನುಕೂಲಸ್ಥರು. ಮತವಿಲ್ಲದೆಯೂ ಶಾಸಕರ ಮನೆಬಾಗಿಲು ಅವರಿಗೆ ತೆರೆದೇ ಇರುತ್ತಿತ್ತು. ದಕ್ಷಿಣದಲ್ಲಿ ಇನ್ನೊಂದು ಭಯವಿತ್ತು, ಈ ತಿದ್ದುಪಡಿಯ ಹಿಂದೆಯೇ ಕಪ್ಪು ಹೆಂಗಸರು ಮತಗಟ್ಟೆಗೆ ಬರುತ್ತಾರೆ ಎಂದು.

1920ರ ಬೇಸಿಗೆಯಲ್ಲಿ ಲೆಕ್ಕ ಹೀಗಿತ್ತು. 48 ರಾಜ್ಯಗಳಲ್ಲಿ 36 ಒಪ್ಪಬೇಕು, 35 ಒಪ್ಪಿದ್ದವು. ಟೆನೆಸಿಯ ರಾಜಧಾನಿ ನ್ಯಾಶ್‌ವಿಲ್‌ಗೆ ಎರಡೂ ಕಡೆಯವರು ಬಂದಿಳಿದರು, ತಂಗಿದ್ದು ಹೆಚ್ಚಾಗಿ ಒಂದೇ ಹೋಟೆಲಿನಲ್ಲಿ, ಹರ್ಮಿಟೇಜ್. ಪರವಾದವರ ಕೋಟಿನ ಮೇಲೆ ಹಳದಿ ಗುಲಾಬಿ, ವಿರೋಧಿಗಳದ್ದು ಕೆಂಪು. ಪಾನನಿಷೇಧದ ಕಾಲವಾದರೂ ವಿರೋಧಿ ಬಣದ ಕೋಣೆಯಲ್ಲಿ ಶಾಸಕರಿಗೆ ವಿಸ್ಕಿಗೆ ಬರವಿರಲಿಲ್ಲ.

ಆಗಸ್ಟ್ 18. ಸದನದಲ್ಲಿ ಗುಲಾಬಿಗಳನ್ನು ಎಣಿಸಿದರೆ ಕೆಂಪು ಹೆಚ್ಚು. ವಿಷಯವನ್ನು ಬದಿಗಿಡಬೇಕೆಂಬ ಸೂಚನೆಗೆ 48ಕ್ಕೆ 48, ಸಮ. ಮತ್ತೆ ಎಣಿಸಿದರು, ಮತ್ತೆ ಸಮ. ಆಗ ನೇರವಾಗಿ ತಿದ್ದುಪಡಿಯನ್ನೇ ಮತಕ್ಕೆ ಹಾಕಿದರು. 24 ವರ್ಷದ ಹ್ಯಾರಿ ಬರ್ನ್, ಸದನದ ಅತಿ ಕಿರಿಯ ಶಾಸಕ, ಎದೆಯ ಮೇಲೆ ಕೆಂಪು ಗುಲಾಬಿ, ಎರಡು ಬಾರಿಯೂ ವಿರೋಧಿಗಳ ಜೊತೆ ನಿಂತವನು. ಹೆಸರು ಕರೆದಾಗ ‘ಒಪ್ಪಿಗೆ’ ಎಂದ. ಜನರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವನ ಜೇಬಿನಲ್ಲಿ ಊರಿನಿಂದ ತಾಯಿ ಬರೆದ ಕಾಗದವಿತ್ತು. ಊರಿನ ಸಮಾಚಾರ, ಮಳೆ, ನೆಂಟರಿಷ್ಟರ ವಿಷಯಗಳ ನಡುವೆ ಆಕೆ ಬರೆದಿದ್ದರು: ಒಳ್ಳೆಯ ಹುಡುಗನಾಗಿರು, ಆ ಕ್ಯಾಟ್ ಅಮ್ಮನಿಗೆ ನೆರವಾಗು. ಮರುದಿನ ಸದನದಲ್ಲಿ ಎದ್ದುನಿಂತು, ತಾಯಿಯ ಮಾತು ಕೇಳುವುದೇ ಮಗನಿಗೆ ಕ್ಷೇಮ ಎಂದು ಹೇಳಿಕೆ ಕೊಟ್ಟ. ಫೆಬ್ ಬರ್ನ್ ಆ ತಾಯಿಯ ಹೆಸರು. ದಿನಕ್ಕೆ ಹಲವಾರು ಪತ್ರಿಕೆ ಓದುತ್ತಿದ್ದ ರೈತ ವಿಧವೆ.

ಆಗಸ್ಟ್ 26ರಂದು ಬೆಳಗಿನ ಜಾವ ವಿದೇಶಾಂಗ ಕಾರ್ಯದರ್ಶಿ ಕೋಲ್ಬಿ ತಮ್ಮ ಮನೆಯಲ್ಲೇ ಕಾಗದಕ್ಕೆ ಸಹಿ ಹಾಕಿದರು. ಒಬ್ಬ ಛಾಯಾಗ್ರಾಹಕನನ್ನೂ ಕರೆಯಲಿಲ್ಲ. ಎಪ್ಪತ್ತೆರಡು ವರ್ಷ ದುಡಿದವರಿಗೆ ಒಂದು ಫೋಟೋ ಸಹ ಸಿಗಲಿಲ್ಲ ಎಂಬುದು ನನಗಂತೂ ಇಂದಿಗೂ ಸಿಟ್ಟು ತರಿಸುತ್ತದೆ.

ಕಪ್ಪು ನೆಲ

ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ಹ್ಯಾರಿ ಬರ್ನ್ ಕಥೆ ಚೆಂದವೇ. ಆದರೆ ಅಲ್ಲಿಗೆ ಪಾಠ ಮುಗಿಸಿದರೆ ಗೈಡಿಗೂ ನಿಮಗೂ ವ್ಯತ್ಯಾಸವಿಲ್ಲ ಮೇಡಂ.

ಆ ತಿದ್ದುಪಡಿ ಹೇಳಿದ್ದು ಹೆಣ್ಣೆಂಬ ಕಾರಣಕ್ಕೆ ಮತ ನಿರಾಕರಿಸಬಾರದು ಎಂದಷ್ಟೇ. ಅಕ್ಷರ ಪರೀಕ್ಷೆ, ತಲೆಗಂದಾಯ, ಗುಂಪು ಹಿಂಸೆ, ಇವನ್ನೆಲ್ಲ ದಕ್ಷಿಣದ ರಾಜ್ಯಗಳು ಹಾಗೆಯೇ ಇಟ್ಟುಕೊಂಡವು. ಮಿಸಿಸಿಪಿಯ ಫ್ಯಾನಿ ಲೂ ಹೇಮರ್ ಹುಟ್ಟಿದ್ದು 1917ರಲ್ಲಿ, ಅಂದರೆ ಎಡಿಸನ್ ಅಕ್ಕ ಹೇಳಿದ ಜೈಲಿನ ವರ್ಷ. ಇಪ್ಪತ್ತು ಮಕ್ಕಳಲ್ಲಿ ಕೊನೆಯವಳು. ಆರನೆಯ ವಯಸ್ಸಿಗೆ ಹತ್ತಿ ಬಿಡಿಸಲು ಹೋದವಳು. ನಾನು ಹತ್ತಿ ಬೆಳೆಯುವ ಸೀಮೆಯವನು. ಒಣಗಿದ ಹತ್ತಿಕಾಯಿಯ ಮೊನೆ ಬೆರಳಿನ ಉಗುರಿನ ಬುಡ ಸೀಳುವುದು ಹೇಗೆಂದು ಬಲ್ಲೆ, ಆ ವಯಸ್ಸಿನ ಮಗುವಿನ ಕೈ ಯೋಚಿಸಿ. ಕಪ್ಪು ಜನರು ಮತಕ್ಕೆ ಹೆಸರು ನೋಂದಾಯಿಸಬಹುದು ಎಂದು ಆಕೆಗೆ ಗೊತ್ತಾದದ್ದೇ 44ನೆಯ ವಯಸ್ಸಿನಲ್ಲಿ.

1962ರ ಆಗಸ್ಟ್ 31ರಂದು 17 ಮಂದಿಯ ಜೊತೆ ಬಸ್ಸಿನಲ್ಲಿ ಇಂಡಿಯನೋಲಾಕ್ಕೆ ಹೋದರು. ರಾಜ್ಯ ಸಂವಿಧಾನದ ಒಂದು ವಿಧಿಯನ್ನು ಕೊಟ್ಟು ವಿವರಿಸಿ ಬರೆಯಿರಿ ಎಂದರು. ಯಾರಿಗೂ ಪಾಸು ಕೊಡಲಿಲ್ಲ. ಮರಳುವಾಗ ಪೊಲೀಸರು ಬಸ್ಸು ನಿಲ್ಲಿಸಿ ದಂಡ ಹಾಕಿದರು. ಬಸ್ಸಿನ ಬಣ್ಣ ಅತಿಯಾಗಿ ಹಳದಿ ಎಂಬುದು ಆರೋಪ! ಮನೆ ಸೇರುವ ಮೊದಲೇ ಸುದ್ದಿ ಹೊಲದ ಒಡೆಯನನ್ನು ಮುಟ್ಟಿತ್ತು. ಹೆಸರು ವಾಪಸ್ ತೆಗೆದುಕೋ, ಇಲ್ಲವೇ ಜಾಗ ಖಾಲಿ ಮಾಡು ಎಂದ. ನಾನು ಹೋದದ್ದು ನಿಮಗಾಗಿ ಅಲ್ಲ, ನನಗಾಗಿ ಎಂದು ಹೇಳಿ ಆ ರಾತ್ರಿಯೇ ಹೊರಬಿದ್ದರು. ಹದಿನೆಂಟು ವರ್ಷ ದುಡಿದ ಜಾಗ. 1963ರ ಜೂನ್‌ನಲ್ಲಿ ವೈನೋನಾ ಊರಿನ ಠಾಣೆಯಲ್ಲಿ ಹೊಡೆಸಿಕೊಂಡ ಏಟಿನಿಂದ ಮೂತ್ರಪಿಂಡ ಮತ್ತು ಕಣ್ಣು ಕೊನೆಯವರೆಗೂ ಸರಿಹೋಗಲಿಲ್ಲ. 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಿತಿಯ ಮುಂದೆ ಇದನ್ನೆಲ್ಲ ಹೇಳುತ್ತಿದ್ದಾಗ ಟಿವಿ ಕ್ಯಾಮೆರಾಗಳನ್ನು ಸೆಳೆಯಲೆಂದು ಅಧ್ಯಕ್ಷ ಜಾನ್ಸನ್ ದಿಢೀರನೆ ಪತ್ರಿಕಾಗೋಷ್ಠಿ ಕರೆದರು. ರಾತ್ರಿ ಟಿವಿಗಳು ಆಕೆಯ ಮಾತನ್ನು ಪೂರ್ತಿ ತೋರಿಸಿಬಿಟ್ಟವು.

ಇಂಥವರ ಪಾಲಿಗೆ ಇಸವಿ 1920 ಅಲ್ಲ, 1965. ಮತದಾನ ಹಕ್ಕು ಕಾಯ್ದೆ ಬಂದ ವರ್ಷ.

ನೇರ ಮಾತು

ಅದು ಜನಾಂಗದ ಪ್ರಶ್ನೆ, ಮಹಿಳೆಯರ ಪ್ರಶ್ನೆಯಲ್ಲ. ಎರಡನ್ನೂ ಕಲಸಿದರೆ ಪಾಠ ಗೊಂದಲವಾಗುತ್ತದೆ.

ಕಪ್ಪು ನೆಲ

ಹೇಮರ್ ಅವರ ಹೊಟ್ಟೆಯಲ್ಲಿದ್ದ ಗಡ್ಡೆ ತೆಗೆಯುತ್ತೇವೆಂದು 1961ರಲ್ಲಿ ಆಸ್ಪತ್ರೆಗೆ ಸೇರಿಸಿಕೊಂಡು, ಕೇಳದೆ ಗರ್ಭಕೋಶವನ್ನೇ ತೆಗೆದುಹಾಕಿದರು. ಇದು ಜನಾಂಗದ ಪ್ರಶ್ನೆಯೋ ಮಹಿಳೆಯರ ಪ್ರಶ್ನೆಯೋ ನೀವೇ ಹೇಳಿ ಸರ್.

ತುಂಗಾತೀರ

ಕಪ್ಪು ನೆಲ ಅವರ ಮಾತು ನನ್ನ ನಾಯಕಿಗೂ ತಗಲುತ್ತದೆ. ಅಂತರ್ಯುದ್ಧದ ನಂತರ 15ನೇ ತಿದ್ದುಪಡಿ ಕಪ್ಪು ಗಂಡಸರಿಗೆ ಮತ ಕೊಡಲು ಹೊರಟಾಗ ಆಂಟನಿ ಮತ್ತು ಎಲಿಜಬೆತ್ ಕೇಡಿ ಸ್ಟಾಂಟನ್ ಅದನ್ನು ವಿರೋಧಿಸಿದರು. ನಮ್ಮನ್ನು ಬಿಟ್ಟು ಅವರಿಗೆ ಯಾಕೆ ಎಂದರು. ಸ್ಟಾಂಟನ್ ಅಂತೂ ಓದಲು ನಾಚಿಕೆಯಾಗುವ ಮಾತುಗಳನ್ನು ಬರೆದರು. ಸೆನೆಕಾ ಫಾಲ್ಸ್‌ನಲ್ಲಿ ಮತದ ಹಕ್ಕಿನ ನಿರ್ಣಯ ಬಿದ್ದುಹೋಗುವ ಹಂತದಲ್ಲಿದ್ದಾಗ ಎದ್ದುನಿಂತು ಅದನ್ನು ಉಳಿಸಿದ ಫ್ರೆಡರಿಕ್ ಡಗ್ಲಾಸ್ ಹಿಂದೆ ಗುಲಾಮರಾಗಿದ್ದವರು ಎಂಬುದನ್ನು ಅವರು ಮರೆತರು. ಚಳವಳಿ 1869ರಲ್ಲಿ ಎರಡು ಹೋಳಾಯಿತು. ಡಗ್ಲಾಸ್ ಜೊತೆ ನಿಂತ ಲೂಸಿ ಸ್ಟೋನ್ ಒಂದು ಕಡೆ, ಆಂಟನಿ ಇನ್ನೊಂದು ಕಡೆ. ಮತ್ತೆ ಒಂದಾಗಲು 1890 ಬರಬೇಕಾಯಿತು.

1913ರ ಮಾರ್ಚ್ 3ರಂದು ವಾಷಿಂಗ್ಟನ್ನಿನ ಮೆರವಣಿಗೆಯಲ್ಲೂ ಅದೇ ಹಾಡು. ಷಿಕಾಗೋದ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರನ್ನು, ದಕ್ಷಿಣದವರಿಗೆ ಬೇಸರವಾದೀತು, ಕೊನೆಯ ಸಾಲಿನಲ್ಲಿ ಬನ್ನಿ ಎಂದರು. ಆಕೆ ಮೆರವಣಿಗೆ ಆರಂಭವಾದಾಗ ಕಾಣಲಿಲ್ಲ. ಸ್ವಲ್ಪ ದೂರ ಸಾಗಿದ ಮೇಲೆ ಪಕ್ಕದ ಜನಸಂದಣಿಯಿಂದ ಇಳಿದು ತನ್ನ ಇಲಿನಾಯ್ ತಂಡದ ನಡುವೆ ಸೇರಿಕೊಂಡು ಹೆಜ್ಜೆ ಹಾಕಿದರು. ಆ ಮೆರವಣಿಗೆಯ ಸಂಘಟಕಿ ಬೇರೆ ಯಾರೂ ಅಲ್ಲ, ಆಲಿಸ್ ಪಾಲ್.

ಕರಿಕೋಟು

ಪಟ್ಟಿಗೆ ಇನ್ನೊಂದು ಗುಂಪನ್ನು ಸೇರಿಸಿ, ನಮ್ಮ ದೇಶಕ್ಕೂ ತಗಲುವಂಥದ್ದು. 1907ರ ಕಾನೂನಿನ ಪ್ರಕಾರ ವಿದೇಶಿಯನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಗಂಡಸಿಗೆ ಈ ಶಿಕ್ಷೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮತದ ಹಕ್ಕಿಗಾಗಿ ದುಡಿದಿದ್ದ ಎಥೆಲ್ ಮೆಕೆಂಜಿ, ಹಕ್ಕು ಬಂದ ಮೇಲೆ ಹೆಸರು ಬರೆಸಲು ಹೋದರೆ, ನಿಮ್ಮ ಗಂಡ ಬ್ರಿಟಿಷ್ ಪ್ರಜೆ, ಆದ್ದರಿಂದ ನೀವು ಅಮೆರಿಕದವರಲ್ಲ ಎಂದರು. 1915ರಲ್ಲಿ ಸುಪ್ರೀಂ ಕೋರ್ಟ್ ಅದು ಸರಿಯೆಂದಿತು.

ಮತ ಬಂದ ಮೇಲೆ 1922ರ ಕೇಬಲ್ ಕಾಯ್ದೆ ಇದನ್ನು ಅರ್ಧ ಸರಿಪಡಿಸಿತು. ಉಳಿದ ಅರ್ಧ ಹೀಗೆ: ಗಂಡ ಅಮೆರಿಕದ ಪೌರನಾಗಲು ಅನರ್ಹನಾದ ಜನಾಂಗದವನಾದರೆ ಹೆಂಡತಿಯ ಪೌರತ್ವ ಹೋಗಲೇಬೇಕು. ಅನರ್ಹರೆಂದರೆ ಏಷ್ಯಾದವರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರೂ ಅನರ್ಹರು ಎಂದು ತೀರ್ಪಾಯಿತು. ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್ ಅವರನ್ನು ಮದುವೆಯಾಗಿದ್ದ ಮೇರಿ ದಾಸ್ ಹುಟ್ಟಾ ಅಮೆರಿಕದವರಾದರೂ ಇದರಿಂದ ಪೌರತ್ವ ಕಳೆದುಕೊಂಡರು. 1931ರ ತನಕ ಆ ನಿಯಮ ಉಳಿಯಿತು. ಮತದಾನದ ಹಕ್ಕು ಬಂದು ಹನ್ನೊಂದು ವರ್ಷ ಆಗಿತ್ತು.

ಕಡಲ ಕರೆ

ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಯಾರೂ ಎತ್ತಲಿಲ್ಲವಲ್ಲ? 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತವರು. 1941ರಲ್ಲಿ ಅವರು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಓಡಾಡುತ್ತಿದ್ದರು. ಲೂಸಿಯಾನಾದಲ್ಲಿ ರೈಲಿನ ಟಿಕೆಟ್ ಪರೀಕ್ಷಕ ಬಂದು ಬಿಳಿಯರ ಡಬ್ಬಿಯಿಂದ ಏಳಿ ಎಂದ. ಏಳಲಿಲ್ಲ. ಆತ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದು ಯಾವ ದೇಶದವರು ಎಂದು ವಿಚಾರಿಸತೊಡಗಿದ. ಭಾರತದಿಂದ ಬಂದ ಅತಿಥಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ರಿಯಾಯಿತಿಯನ್ನು ಬಳಸಿಕೊಳ್ಳದೆ, ನಾನು ಕಪ್ಪು ಬಣ್ಣದವಳು ಎಂಬುದು ಕಾಣುತ್ತಲೇ ಇದೆ, ಇಲ್ಲಿಂದ ಏಳುವ ಉದ್ದೇಶ ನನಗಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಆತ ಗೊಣಗಿಕೊಂಡು ಹೋದ. ಅಲ್ಲಿನ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರಿಗೆ ಜಾಗ ಬಿಡದೆ ಬಸ್ಸಿನಲ್ಲಿ ಕುಳಿತದ್ದು ಇದಾದ 14 ವರ್ಷಗಳ ಮೇಲೆ. ಮೇಡಂ, ನಮ್ಮ ಮಕ್ಕಳಿಗೆ ಇದನ್ನು ಹೇಳದಿದ್ದರೆ ಹೇಗೆ?

ಇತಿಹಾಸದ ಮೇಡಂ

ಖಂಡಿತ ಹೇಳುತ್ತೇನೆ. ಮತದ ವಿಷಯ ಬೇಕಾದಷ್ಟಾಯಿತು. ಮನೆ, ಸಂಬಳ, ಬ್ಯಾಂಕು? 1974ರ ತನಕ ಅಮೆರಿಕದ ಹೆಂಗಸರು ಬ್ಯಾಂಕಿನಲ್ಲಿ ಸಾಲ ಪಡೆಯುವುದು ಕಾನೂನುಬಾಹಿರವಾಗಿತ್ತು ಎಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆಯಲ್ಲ, ನಿಜವೇ?

ಲೆಕ್ಕದ ಪುಸ್ತಕ

ನಿವೃತ್ತ ಬ್ಯಾಂಕಿನವನು ನಾನು, ಇದಕ್ಕೆ ಬಾಯಿ ಹಾಕಬಹುದು. ಕಾನೂನುಬಾಹಿರವಾಗಿರಲಿಲ್ಲ. ಬ್ಯಾಂಕುಗಳ ಪದ್ಧತಿ ಹಾಗಿತ್ತು. ಗಂಡನ ಸಹಿ ಕೇಳುವುದು, ಹೆಂಡತಿಯ ಸಂಬಳವನ್ನು ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿಯುವುದು, ವಿಚ್ಛೇದಿತೆ ಎಂದರೆ ಅರ್ಜಿಯನ್ನು ಬದಿಗಿಡುವುದು. ಹಾಗೆ ಮಾಡುವುದನ್ನು ತಡೆಯುವ ಕಾನೂನು ಇರಲಿಲ್ಲ, 1974ರ ಸಮಾನ ಸಾಲಾವಕಾಶ ಕಾಯ್ದೆ ತಡೆಯಿತು. ನಿಷೇಧಕ್ಕಿಂತ ಪದ್ಧತಿ ಸುಲಭವಾಗಿ ಕೈಗೆ ಸಿಗುವುದಿಲ್ಲ. ಕೌಂಟರಿನಲ್ಲಿ ಕುಳಿತವನು ನಗುನಗುತ್ತಲೇ ‘ಯಜಮಾನರನ್ನು ಕರೆದುಕೊಂಡು ಬನ್ನಿ ಅಮ್ಮಾ’ ಎಂದುಬಿಡುತ್ತಾನೆ, ದೂರು ಕೊಡುವುದು ಯಾರ ಮೇಲೆ?

ಕರಿಕೋಟು

ಕಾನೂನೇ ಹಾಗಿದ್ದ ಉದಾಹರಣೆ ಬೇಕಿದ್ದರೆ ಲೂಸಿಯಾನಾ ನೋಡಿ. ಅಲ್ಲಿನ ಸಂಹಿತೆಯಲ್ಲಿ ಗಂಡನೇ ಕುಟುಂಬದ ‘ತಲೆ ಮತ್ತು ಒಡೆಯ’. ದಂಪತಿಯ ಜಂಟಿ ಆಸ್ತಿಯನ್ನು ಹೆಂಡತಿಗೆ ತಿಳಿಸದೆಯೇ ಅಡ ಇಡಬಹುದು. 1974ರಲ್ಲಿ ಒಬ್ಬಾಕೆ ಗಂಡನ ಮೇಲೆ ಗಂಭೀರವಾದ ಕ್ರಿಮಿನಲ್ ದೂರು ಕೊಟ್ಟರು. ಆತ ಜೈಲಿನಲ್ಲಿದ್ದುಕೊಂಡು ವಕೀಲನನ್ನು ಗೊತ್ತು ಮಾಡಿದ, 3,000 ಡಾಲರ್ ಫೀಸಿಗೆ ಇಬ್ಬರಿಗೂ ಸೇರಿದ ಮನೆಯನ್ನು ಅಡ ಬರೆದುಕೊಟ್ಟ. ದೂರು ಕೊಟ್ಟವಳ ಮನೆಯೇ ದೂರಿನ ವಿರುದ್ಧದ ವಕೀಲರ ಫೀಸು! ಆಕೆಗೆ ವಿಷಯ ತಿಳಿದದ್ದು ಎರಡು ವರ್ಷದ ಮೇಲೆ, ಹಣ ಕಟ್ಟದಿದ್ದರೆ ಮನೆ ಜಪ್ತಿ ಎಂದು ವಕೀಲ ಬೆದರಿಸಿದಾಗ. 1981ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ಸಂವಿಧಾನ ವಿರೋಧಿ ಎಂದಿತು.

ಅದಕ್ಕೆ ದಾರಿ ಮಾಡಿದ್ದು 1971ರ ರೀಡ್ ಪ್ರಕರಣ. ಐಡಾಹೊದ ಸ್ಯಾಲಿ ರೀಡ್ ಅವರ ಹದಿಹರೆಯದ ಮಗ ತೀರಿಕೊಂಡ. ಅವನು ಬಿಟ್ಟುಹೋದದ್ದು 1,000 ಡಾಲರಿಗಿಂತ ಕಡಿಮೆ. ಅದನ್ನು ನೋಡಿಕೊಳ್ಳಲು ತಾಯಿಯೂ ಅರ್ಜಿ ಹಾಕಿದರು, ಬೇರೆಯಾಗಿದ್ದ ತಂದೆಯೂ ಹಾಕಿದರು. ಇಬ್ಬರು ಸಮಾನ ಅರ್ಹರಿದ್ದರೆ ಗಂಡಸಿಗೇ ಕೊಡಬೇಕು ಎಂದು ರಾಜ್ಯದ ಕಾನೂನಿನಲ್ಲಿತ್ತು. ಆಕೆಯ ಪರವಾದ ಲಿಖಿತ ವಾದವನ್ನು ಸಿದ್ಧಪಡಿಸಿದವರಲ್ಲಿ ಮುಖ್ಯರು ರೂತ್ ಬೇಡರ್ ಗಿನ್ಸ್‌ಬರ್ಗ್. ಅದರ ಮುಖಪುಟದಲ್ಲಿ ಅವರು ಪಾಲಿ ಮರ್ರೆ ಮತ್ತು ಡೊರೊತಿ ಕೆನ್ಯನ್ ಹೆಸರುಗಳನ್ನೂ ಹಾಕಿದರು. ಆ ಇಬ್ಬರು ಅದಕ್ಕಾಗಿ ಕೆಲಸ ಮಾಡಿರಲಿಲ್ಲ. ಈ ವಾದವನ್ನು ಯಾರೂ ಕೇಳದ ಕಾಲದಲ್ಲಿ ಹೇಳುತ್ತಾ ಬಂದವರು ಅವರೇ ಎಂಬ ಋಣಕ್ಕೆ. ವಕೀಲಿ ವೃತ್ತಿಯಲ್ಲಿ ಇಂಥ ಸೌಜನ್ಯ ಅಪರೂಪ, ಅನುಭವದಿಂದ ಹೇಳುತ್ತಿದ್ದೇನೆ. ಹೆಣ್ಣೆಂಬ ಕಾರಣಕ್ಕೆ ಮಾಡಿದ ತಾರತಮ್ಯವನ್ನು ಆ ನ್ಯಾಯಾಲಯ 14ನೇ ತಿದ್ದುಪಡಿಯ ಅಡಿಯಲ್ಲಿ ತಳ್ಳಿಹಾಕಿದ್ದು ಅದೇ ಮೊದಲು. ಆಂಟನಿ ಕ್ಷೌರದಂಗಡಿಯಲ್ಲಿ ಓದಿ ಹೇಳಿದ್ದು ಇದೇ ತಿದ್ದುಪಡಿಯನ್ನು.

ನೇರ ಮಾತು

ಹಾಗಾದರೆ ಸಮಾನತೆ ಅಮೆರಿಕದ ಸಂವಿಧಾನದಲ್ಲೇ ಬಂದಂತಾಯಿತಲ್ಲ. ಇನ್ನು ಸಮಾನ ಹಕ್ಕುಗಳ ತಿದ್ದುಪಡಿ ಎಂದು ಅಷ್ಟೊಂದು ಗಲಾಟೆ ಯಾಕೆ?

ಕರಿಕೋಟು

ಯಾಕೆಂದರೆ ತೀರ್ಪು ಕೊಟ್ಟ ನ್ಯಾಯಾಲಯ ತೀರ್ಪನ್ನು ಹಿಂದಕ್ಕೂ ಪಡೆಯಬಲ್ಲದು. 1973ರಲ್ಲಿ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ ನ್ಯಾಯಾಲಯವೇ 2022ರ ಜೂನ್ 24ರಂದು ಅದನ್ನು ರದ್ದುಪಡಿಸಿತು. ಗರ್ಭಪಾತದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ತೀರ್ಪಿನ ಆಧಾರದ ಮೇಲೆ ನಿಂತ ಹಕ್ಕಿಗೂ ಸಂವಿಧಾನದಲ್ಲಿ ಬರೆದ ಹಕ್ಕಿಗೂ ಇರುವ ಅಂತರ ಅದು. ಆಲಿಸ್ ಪಾಲ್ ಬರೆದ ಆ ಸಮಾನ ಹಕ್ಕುಗಳ ತಿದ್ದುಪಡಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಬಂದದ್ದು 1923ರಲ್ಲಿ. ಎರಡೂ ಸದನ ಒಪ್ಪಿದ್ದು 1972ರಲ್ಲಿ. 38 ರಾಜ್ಯಗಳು ಬೇಕಿತ್ತು, 1982ರ ಗಡುವಿಗೆ 35ಕ್ಕೆ ನಿಂತಿತು. ನಿಲ್ಲಿಸಿದವರಲ್ಲಿ ಮುಂಚೂಣಿಯಲ್ಲಿದ್ದದ್ದು ಫಿಲಿಸ್ ಷ್ಲಾಫ್ಲಿ ಎಂಬ ಮಹಿಳೆ. ಹೆಣ್ಣುಮಕ್ಕಳನ್ನು ಸೈನ್ಯಕ್ಕೆ ಎಳೆಯುತ್ತಾರೆ, ಗಂಡನಿಂದ ಬರುವ ಜೀವನಾಂಶ ಹೋಗುತ್ತದೆ ಎಂದು ರಾಜ್ಯ ರಾಜ್ಯ ತಿರುಗಿದರು. ಆಮೇಲೆ ನೆವಾಡಾ, ಇಲಿನಾಯ್, 2020ರಲ್ಲಿ ವರ್ಜೀನಿಯಾ ಒಪ್ಪಿ 38 ಆಯಿತು. ಗಡುವು ಮೀರಿದ್ದು ಒಂದು ತಕರಾರು, ನಡುವೆ ಐದು ರಾಜ್ಯಗಳು ಒಪ್ಪಿಗೆ ಹಿಂಪಡೆದದ್ದು ಇನ್ನೊಂದು. 2025ರ ಜನವರಿಯಲ್ಲಿ ಬೈಡನ್ ಅಧಿಕಾರ ಬಿಡುವ ಮುನ್ನ ಅದು ಈಗ ಸಂವಿಧಾನದ ಭಾಗ ಎಂದು ಘೋಷಿಸಿದರು, ಆದರೆ ತಿದ್ದುಪಡಿಗಳನ್ನು ಅಧಿಕೃತವಾಗಿ ಪ್ರಕಟಿಸಬೇಕಾದ ರಾಷ್ಟ್ರೀಯ ದಾಖಲೆಗಳ ಮುಖ್ಯಸ್ಥರು ಪ್ರಕಟಿಸಲಿಲ್ಲ.

ಎಡಿಸನ್ ಕನ್ನಡತಿ

ಮೇಡಂ, ಪಾಠಕ್ಕೆ ಇದನ್ನೂ ಇಟ್ಟುಕೊಳ್ಳಿ: 19ನೇ ತಿದ್ದುಪಡಿಯನ್ನು ಮಿಸಿಸಿಪಿ ರಾಜ್ಯ ಔಪಚಾರಿಕವಾಗಿ ಒಪ್ಪಿದ್ದು 1984ರಲ್ಲಿ. ಆ ಹೊತ್ತಿಗೆ ಫ್ಯಾನಿ ಲೂ ಹೇಮರ್ ತೀರಿಕೊಂಡು ಏಳು ವರ್ಷವಾಗಿತ್ತು.

ಇತಿಹಾಸದ ಮೇಡಂ

ಒಂದು ತರಗತಿ ಸಾಲದು ಎಂದು ಪ್ರಾಂಶುಪಾಲರಿಗೆ ಹೇಳಿ ಎರಡು ಕೇಳಿದ್ದೇನೆ. ಮೊದಲನೆಯದು ಕ್ಷೌರದಂಗಡಿಯಿಂದ, ಎರಡನೆಯದು ಹಳದಿ ಬಸ್ಸಿನಿಂದ. ನೇರ ಮಾತು ಅವರೇ, ಕ್ಯಾಟ್ ಅವರ ಸಂಘಟನೆ ಶಾಸಕರ ಪಟ್ಟಿಗಳನ್ನು ಹೇಗೆ ಇಟ್ಟುಕೊಳ್ಳುತ್ತಿತ್ತು ಎಂಬುದರ ಬಗ್ಗೆ ನಿಮಗೆ ತಿಳಿದದ್ದನ್ನು ಬರೆಯಿರಿ. ಅದು ನನಗೆ ಬೇಕು.